ಇರಲಿ ಮೇಸ್ತ್ರಿಯ ನಾಲ್ಕನೇ ಕೀಲು

ವ್ಯಾನುಗಳ ಬೆನ್ನಿಗೆ ಸಾಮಾನಿನ ಪೆಟ್ಟಿಗೆ ಕಟ್ಟುವ ಮೇಸ್ತ್ರಿಗೆ ಹೆತ್ತವರು ಇಟ್ಟ ಹೆಸರು ಒಂದಿತ್ತು. ಅದು ಅವನ ಗುರುತಿನ ಚೀಟಿಯಲ್ಲಿ ಸುಖವಾಗಿ ನಿದ್ದೆ ಮಾಡುತ್ತಿತ್ತು. ಬೀದಿಯವರಿಗೆ, ಗಿರಾಕಿಗಳಿಗೆ, ಕಬ್ಬಿಣದಂಗಡಿಯವನಿಗೆ, ಕೊನೆಗೆ ಅಂಚೆಯವನಿಗೂ ಅವನು ಇರಲಿ ಮೇಸ್ತ್ರಿ. ನಾಲ್ಕು ರಿವೆಟ್ ಸಾಕು ಎನ್ನುವ ಕಡೆ ಐದನೆಯದನ್ನು ಹೊಡೆದು, ಕೈ ಒರೆಸಿಕೊಂಡು, "ಇರಲಿ" ಎನ್ನುವುದು ಅವನ ರೂಢಿ. ಮೂಲೆಗೊಂದು ಪಟ್ಟಿ ಸಾಕೇ? ಎರಡು ಇರಲಿ. ನೆಲಕ್ಕೆ ಆರು ಅಡ್ಡಪಟ್ಟಿ ಸಾಕೇ? ಎಂಟು ಇರಲಿ. ಹೀಗೆ ಹೇಳಿ ಹೇಳಿ ಆ ಮಾತು ಅವನ ಶೆಡ್ಡಿನಲ್ಲಿ ಒಂದು ಸಾಮಾನಿನ ಹೆಸರೇ ಆಗಿಬಿಟ್ಟಿತ್ತು. "ಎಡಗಡೆ ಇರಲಿ ಹಾಕಿದ್ಯಾ?" ಎಂದು ಒಬ್ಬರು ಕೇಳಿದರೆ "ಎರಡು ಇರಲಿ ಹಾಕಿದೀನಿ" ಎಂದು ಇನ್ನೊಬ್ಬರು ಹೇಳುತ್ತಿದ್ದರು. ಹೊರಗಿನವರ ಕಿವಿಗೆ ಬಿದ್ದರೆ ಇವರ ತಲೆ ನೆಟ್ಟಗಿದೆಯೇ ಎಂದುಕೊಳ್ಳಬೇಕು.

ಅವನ ಪೆಟ್ಟಿಗೆಗಳಿಗೆ ಒಳ್ಳೆಯ ಹೆಸರಿತ್ತು. ಎಂಜಿನ್ ಸತ್ತ ಮೇಲೂ ಪೆಟ್ಟಿಗೆ ಗಟ್ಟಿಮುಟ್ಟಾಗಿ ಉಳಿಯುತ್ತಿತ್ತು. ಊರಾಚೆ ಹಳೆ ಗಾಡಿ ಒಡೆಯುವ ಅಂಗಳದಲ್ಲಿ ವ್ಯಾನುಗಳೆಲ್ಲ ಕರಗಿಹೋದರೂ ಅವನು ಕಟ್ಟಿದ ಪೆಟ್ಟಿಗೆಗಳು ಮಾತ್ರ ಒಂದು ಕೋಳಿಗೂಡಾಗಿ, ಒಂದು ಸಾಮಾನಿನ ಕೋಣೆಯಾಗಿ, ಒಂದಂತೂ ಕಾವಲುಗಾರನ ಬಿಡಾರವಾಗಿ ನಿಂತಿದ್ದವು. ಆ ಕಡೆ ಹೋದಾಗಲೆಲ್ಲ ಮೇಸ್ತ್ರಿ ಕಾವಲುಗಾರನ ಬಿಡಾರಕ್ಕೆ ಗೆಣ್ಣಿನಿಂದ ಎರಡು ಸಲ ತಟ್ಟಿ, ಸದ್ದು ಕೇಳಿ, ತೃಪ್ತಿಯಿಂದ ಬರುತ್ತಿದ್ದ. "ಹೆತ್ತವರಿಗೆ ಹೆಗ್ಗಣ ಮುದ್ದು" ಎಂದು ಹೆಂಡತಿ ಆಡಿಕೊಂಡರೆ ಅವನಿಗೇನೂ ಬೇಸರವಿರಲಿಲ್ಲ. ಹೆಗ್ಗಣವಾದರೂ ಗಟ್ಟಿ ಹೆಗ್ಗಣ ಎಂಬುದು ಅವನ ವಾದ.

ಶೆಡ್ಡು ಇದ್ದದ್ದು ಬೀದಿಯ ತುದಿಯಲ್ಲಿ, ಟೈರಿನಂಗಡಿಗೂ ಲಾಂಡ್ರಿಗೂ ನಡುವೆ. ಎರಡು ವ್ಯಾನು ನಿಲ್ಲುವಷ್ಟು ಜಾಗ, ಮಾಡಿನಲ್ಲಿ ಎರಡು ಗಾಜಿನ ಹಲಗೆ, ಗೋಡೆಯ ಮೇಲೆ ಅಳತೆ ಪ್ರಕಾರ ತೂಗುಹಾಕಿದ ಕ್ಲಾಂಪುಗಳು. ಕೆಲಸಕ್ಕೆ ಮೂರೇ ಜನ. ಮೇಸ್ತ್ರಿ ಕತ್ತರಿಸಿ ಬೆಸೆಯುತ್ತಿದ್ದ. ಮಗಳು ನಕ್ಷೆ ಬರೆಯುತ್ತಿದ್ದಳು, ಅಳೆಯುತ್ತಿದ್ದಳು, ಗಿರಾಕಿಗಳೊಂದಿಗೆ ಮಾತಾಡುತ್ತಿದ್ದಳು. ಅಪ್ಪನಿಗೆ ಬಾರದ್ದೆಲ್ಲ ಅವಳಿಗೆ ಬರುತ್ತಿತ್ತು ಎಂದರೆ ಲೆಕ್ಕ ಸರಿಹೋಗುತ್ತದೆ. ಬಣ್ಣದ ಕೆಲಸ ಹೆಂಡತಿಯ ತಮ್ಮನದು. ಆ ಭಾವಮೈದನ ಬಲಗೈಯಲ್ಲಿ ಎರಡು ಬೆರಳಿರಲಿಲ್ಲ. ಉಳಿದ ಎಂಟರಲ್ಲಿ ಅವನು ಎಳೆಯುವ ಗೆರೆ ಹತ್ತು ಬೆರಳಿನವರಿಗೂ ಬರುತ್ತಿರಲಿಲ್ಲ. ಎಂಟು ಬೆರಳಿದ್ದದ್ದಕ್ಕೆ ಬೀದಿಯವರು ಅವನಿಗೆ ಎಂಟೆದೆ ಎಂದು ಹೆಸರಿಟ್ಟಿದ್ದರು. ಎಂಟೆದೆಯ ಬಂಟ ಎನ್ನುವ ಮಾತಿನಿಂದ ತೆಗೆದ ಆ ಹೆಸರು ಅವನಿಗೆ ಒಂಚೂರೂ ಹೊಂದುತ್ತಿರಲಿಲ್ಲ. ಹಲ್ಲಿ ಕಂಡರೆ ಏಣಿ ಇಳಿದು ಓಡುವವನು ಅವನು.

ಮೇಸ್ತ್ರಿಯ ಹೆಂಡತಿ ಪಕ್ಕದ ಲಾಂಡ್ರಿಯಲ್ಲಿ ಇಸ್ತ್ರಿ ಮಾಡುತ್ತಿದ್ದಳು. ಮಧ್ಯಾಹ್ನ ಊಟದ ಡಬ್ಬಿ ತರುವ ನೆಪದಲ್ಲಿ ಬಂದು ಶೆಡ್ಡಿನ ಯೋಗಕ್ಷೇಮ ವಿಚಾರಿಸಿ, ಯಾರನ್ನಾದರೂ ಒಂದಿಷ್ಟು ಬೈದು, ಹಗುರಾಗಿ ಕೆಲಸಕ್ಕೆ ಹಿಂತಿರುಗುತ್ತಿದ್ದಳು.

ಹೀಗೆ ಸುಖವಾಗಿದ್ದಾಗ ಒಂದು ಬೆಳಿಗ್ಗೆ ವ್ಯಾನ್ ಕಂಪನಿಯಿಂದ ಕಾಗದ ಬಂತು. ಹದಿನಾಲ್ಕು ಪುಟ. ಮೇಸ್ತ್ರಿ ಮೊದಲ ಪುಟದ ಮೂರು ಸಾಲು ಓದಿ ಮಗಳ ಕಡೆ ತಳ್ಳಿದ. ಜೀವಮಾನವೆಲ್ಲ ಕಬ್ಬಿಣದ ಜೊತೆ ಏಗಿದ್ದರೂ ಇಂಥ ಕಬ್ಬಿಣದ ಕಡಲೆ ಅವನ ಹಲ್ಲಿಗೆ ಒಗ್ಗುತ್ತಿರಲಿಲ್ಲ.

ಮಗಳು ಓದಿ ಮುಗಿಸಿ ಹೇಳಿದಳು. "ಹೊಸ ವ್ಯಾನುಗಳು ಬಿಡೋ ಇಂಗಾಲದ ಡೈಆಕ್ಸೈಡಿಗೆ ಮಿತಿ ಹಾಕಿದಾರಂತೆ ಅಪ್ಪ. ಕಿಲೋಮೀಟರಿಗೆ ಇಷ್ಟೇ ಗ್ರಾಂ ಅಂತ."

"ನಾವು ಎಂಜಿನ್ ಮುಟ್ಟೋದೇ ಇಲ್ವಲ್ಲ. ಪೆಟ್ಟಿಗೆ ಎಲ್ಲಾದ್ರೂ ಹೊಗೆ ಬಿಡುತ್ತೇನೇ?"

"ಪೆಟ್ಟಿಗೆ ಬಿಡಲ್ಲ, ಬಿಡಿಸುತ್ತೆ. ಭಾರ ಜಾಸ್ತಿ ಆದಷ್ಟೂ ಎಂಜಿನ್ ಜಾಸ್ತಿ ಎಣ್ಣೆ ಕುಡಿಯುತ್ತೆ, ಜಾಸ್ತಿ ಗಾಳಿ ಉಗುಳುತ್ತೆ."

"ಹೊಗೆ ಅಂದ್ರೆ ಕಪ್ಪಗಿರ್ಬೇಕು, ಕಣ್ಣು ಉರೀಬೇಕು. ನಾನು ನೋಡಿದ ಹೊಸ ವ್ಯಾನುಗಳಲ್ಲಿ ಏನೂ ಕಾಣಲ್ಲಪ್ಪ."

"ಇದು ಕಾಣಲ್ಲ. ವಾಸನೆನೂ ಇಲ್ಲ. ಮೇಲೆ ಹೋಗಿ ಸೇರ್ಕೊಂಡು ಭೂಮಿ ಕಾಯಿಸುತ್ತೆ."

"ಕಾಣದ್ದನ್ನ ತೂಗ್ತಾರಾ? ಗ್ರಾಂ ಲೆಕ್ಕದಲ್ಲಿ? ಶಹಬ್ಬಾಸ್!" ಎಂದ ಮೇಸ್ತ್ರಿ. ಅವನಿಗೆ ನಿಜವಾಗಿಯೂ ಮೆಚ್ಚುಗೆಯಾಗಿತ್ತು. ಗಾಳಿಯನ್ನು ತಕ್ಕಡಿಗೆ ಹಾಕುವವನು ಯಾರೇ ಆಗಲಿ, ಕಸುಬುದಾರ.

ಮಗಳು ಉಳಿದದ್ದನ್ನೂ ಬಿಡಿಸಿ ಹೇಳಿದಳು. ಕಂಪನಿ ವರ್ಷವಿಡೀ ಮಾರಿದ ಅಷ್ಟೂ ಹೊಸ ವ್ಯಾನುಗಳ ಸರಾಸರಿ ತೆಗೆಯುತ್ತಾರೆ. ಬರಿಮೈ ವ್ಯಾನಿನದಲ್ಲ, ಪೆಟ್ಟಿಗೆ ಕೂತ ಮೇಲಿನ ವ್ಯಾನಿನದು. ಇಲ್ಲಿ ಮೇಸ್ತ್ರಿ ಹೊರಿಸಿದ ಭಾರದ ಪಾಪ ಅಲ್ಲಿ ಕಂಪನಿಯ ತಲೆಗೆ ಕಟ್ಟುತ್ತದೆ. ಅದಕ್ಕೇ ಕಂಪನಿ ಮಾಡಿದ್ದುಣ್ಣೋ ಮಹರಾಯ ಎಂದು ಪಾಪವನ್ನು ಹಿಂದಕ್ಕೆ ಕಳಿಸಿತ್ತು: ಈ ಅಳತೆಯ ಪೆಟ್ಟಿಗೆ ನಾನೂರ ಇಪ್ಪತ್ತು ಕಿಲೋ ಮೀರಬಾರದು. ಪ್ರತಿ ಶೆಡ್ಡೂ ಒಂದು ಮಾದರಿ ಪೆಟ್ಟಿಗೆ ಕಟ್ಟಿ ತೂಗಿಸಬೇಕು. ಪಾಸಾದವರಿಗೆ ಮಾತ್ರ ಮುಂದಕ್ಕೆ ವ್ಯಾನು. ಅವಕಾಶ ಎರಡು ಸಲ, ಮೂರನೆಯದಿಲ್ಲ.

"ಪಾಸಾಗದಿದ್ರೆ?" ಎಂದು ಕೇಳಿದ್ದು ಏಣಿಯ ಮೇಲಿದ್ದ ಎಂಟೆದೆ.

"ಬೇರೆ ಕಂಪನಿಯವರೂ ಇದನ್ನೇ ಮಾಡ್ತಾರೆ ಮಾವ. ಆಗ ನಾವು ಕೋಳಿಗೂಡು ಕಟ್ಬೇಕು, ಅಷ್ಟೆ."

ಮೇಸ್ತ್ರಿ ನಕ್ಕ. ಆದರೆ ಆ ದಿನ ಅವನ ಊಟ ಅರ್ಧ ಡಬ್ಬಿಯಲ್ಲೇ ಉಳಿಯಿತು. ಐವತ್ತೇಳು ವರ್ಷದ ಅವನಿಗೆ ಗೊತ್ತಿದ್ದದ್ದು ಇದೊಂದೇ ಕೆಲಸ, ಅದೂ ಅವನಿಗೆ ಪ್ರಾಣಕ್ಕಿಂತ ಹೆಚ್ಚು. ಅಷ್ಟಲ್ಲದೆ ಮಗಳು ಬೇರೆ ಎಲ್ಲೂ ಹೋಗದೆ ಇಲ್ಲೇ ಇರುತ್ತೇನೆಂದು ತಾನಾಗಿ ಹಟ ಹಿಡಿದು ಉಳಿದವಳು. ಅವಳ ಕೈಗೆ ಬಾಗಿಲು ಹಾಕಿದ ಶೆಡ್ಡು ಕೊಡುವುದು ಹೇಗೆ?

ಮಗಳು ಹೊಸ ನಕ್ಷೆಗೆ ಕೂತಳು. ಅಳೆದೂ ಸುರಿದೂ ಮೂರು ವಾರ. ಉಕ್ಕಿದ್ದ ಕಡೆ ಅಲ್ಯುಮಿನಿಯಂ ತಂದಳು, ಮುಂಭಾಗದ ಅಂಚನ್ನು ಗಾಳಿ ಸರಿದುಹೋಗುವಂತೆ ಗುಂಡಗೆ ಮಾಡಿದಳು, ನೆಲದ ಹಲಗೆಯ ದಪ್ಪ ಇಳಿಸಿದಳು. ಪ್ರತಿ ತುಂಡಿನ ತೂಕವನ್ನೂ ಪಕ್ಕದಲ್ಲಿ ಬರೆದು ಕೂಡಿದಳು. ನಾನೂರ ಹದಿನಾಲ್ಕು ಕಿಲೋ. ಮೂರು ಸಲ ಕೂಡಿದರೂ ಅಷ್ಟೇ. ಮೇಸ್ತ್ರಿ ನಕ್ಷೆಯನ್ನು ಮೇಜಿನ ಮೇಲೆ ಹರಡಿ, ಅದರ ಪ್ರಕಾರವೇ ಕತ್ತರಿಸಿ, ಅದರ ಪ್ರಕಾರವೇ ಬೆಸೆದ. ನಕ್ಷೆಯಲ್ಲಿ ಇದ್ದ ಒಂದು ತುಂಡನ್ನೂ ಅವನು ಬಿಡಲಿಲ್ಲ. ಇದನ್ನು ನೆನಪಿಟ್ಟುಕೊಳ್ಳಬೇಕು, ಆಮೇಲೆ ಜಗಳದಲ್ಲಿ ಅವನು ಹಿಡಿದು ಜೋತಾಡಿದ್ದು ಈ ಮಾತಿಗೇ.

ಪೆಟ್ಟಿಗೆ ಕೂತ ವ್ಯಾನನ್ನು ತೂಕದ ಅಂಗಳಕ್ಕೆ ಒಯ್ದರು. ಅಲ್ಲಿನ ಅಧಿಕಾರಿ ಬಡಕಲು ಮನುಷ್ಯ, ಸದಾ ಒಂದು ಪೆನ್ನನ್ನು ಕಿವಿಗೆ ಸಿಕ್ಕಿಸಿಕೊಂಡವನು. ವ್ಯಾನನ್ನು ತೂಕದ ತಟ್ಟೆಯ ಮೇಲೆ ಹತ್ತಿಸಿದರು. ಬರಿಮೈ ವ್ಯಾನಿನ ತೂಕ ಕಳೆದು ಪೆಟ್ಟಿಗೆಯದಷ್ಟೇ ಪರದೆಯ ಮೇಲೆ ಬಂತು.

ನಾನೂರ ಎಂಬತ್ತೇಳು.

"ಇನ್ನೊಂದ್ಸಲ ನೋಡಿ" ಎಂದಳು ಮಗಳು. ಅಧಿಕಾರಿ ಇನ್ನೊಂದು ಸಲ ನೋಡಿದ. ಯಂತ್ರಕ್ಕೆ ದಾಕ್ಷಿಣ್ಯವಿರಲಿಲ್ಲ.

"ನಿಮ್ಮ ನಕ್ಷೆ ನೋಡಿದೀನಮ್ಮ, ಚೆನ್ನಾಗಿದೆ" ಎಂದು ಅಧಿಕಾರಿ ಮೆಲ್ಲಗೆ ಹೇಳಿದ. "ಆದ್ರೆ ನಕ್ಷೆಯಲ್ಲಿ ಇಲ್ಲದ ಎಪ್ಪತ್ಮೂರು ಕಿಲೋ ಒಳಗಡೆ ಕೂತಿದೆ. ಯಾರನ್ನಾದ್ರೂ ಒಳಗೆ ಬಿಟ್ಟು ಬಾಗಿಲು ಹಾಕ್ಕೊಂಡು ಬಂದ್ರಾ ಹೇಗೆ?"

ಮಗಳು ನಿಜವಾಗಿಯೂ ಬಾಗಿಲು ತೆಗೆದು ನೋಡಿದಳು. ಒಳಗೆ ಯಾರೂ ಇರಲಿಲ್ಲ. ಮೇಸ್ತ್ರಿ ಮಾತ್ರ ಆಕಾಶ ನೋಡುತ್ತಾ ನಿಂತಿದ್ದ. ಹತ್ತು ದಿನ ಬಿಟ್ಟು ಬನ್ನಿ, ಅದೇ ಕೊನೆಯ ಸಲ ಎಂದು ಅಧಿಕಾರಿ ಚೀಟಿ ಬರೆದುಕೊಟ್ಟ.

ಶೆಡ್ಡಿಗೆ ಬಂದವಳೇ ಮಗಳು ನಕ್ಷೆ ಹಿಡಿದು ಪೆಟ್ಟಿಗೆಯೊಳಗೆ ಹೊಕ್ಕಳು. ಒಂದೊಂದೇ ತುಂಡನ್ನು ನಕ್ಷೆಯಲ್ಲಿ ಹುಡುಕಿ, ಇಲ್ಲದ್ದಕ್ಕೆ ಸೀಮೆಸುಣ್ಣದಲ್ಲಿ ಗುರುತು ಹಾಕುತ್ತಾ ಬಂದಳು. ಅರ್ಧ ಗಂಟೆಯಲ್ಲಿ ಪೆಟ್ಟಿಗೆಯ ಒಳಮೈ ದಡಾರ ಎದ್ದ ಮಗುವಿನ ಹಾಗೆ ಕಾಣತೊಡಗಿತು.

"ಅಪ್ಪ, ಇದೇನು?"

"ಅದಾ? ಇರಲಿ."

"ಇದು?"

"ಅದೂ ಇರಲಿ."

"ನಕ್ಷೆ ಪ್ರಕಾರ ಕಟ್ಟಿದೀನಿ ಅಂದೆ!"

"ನಕ್ಷೆ ಪ್ರಕಾರವೇ ಕಟ್ಟಿದೀನಿ. ನಿನ್ನ ನಕ್ಷೆಯಲ್ಲಿ ಇರೋದ್ರಲ್ಲಿ ಒಂದಾದ್ರೂ ಬಿಟ್ಟಿದೀನಾ, ತೋರ್ಸು."

"ಬಿಟ್ಟಿಲ್ಲ, ಸರಿ. ಸೇರಿಸಿದ್ದು?"

"ಸೇರಿಸಿದ್ದೆಲ್ಲಿ? ಇರಲಿ ಹಾಕಿದೀನಿ ಅಷ್ಟೆ." ಅವನು ಸುಳ್ಳು ಹೇಳುತ್ತಿರಲಿಲ್ಲ. ಇರಲಿ ಎನ್ನುವುದು ಒಂದು ತೂಕವಿರುವ ಸಾಮಾನು ಎಂದು ಅವನಿಗೆ ಆವತ್ತಿನವರೆಗೂ ಹೊಳೆದೇ ಇರಲಿಲ್ಲ. ಬೆಸೆಯುವವನ ಉಸಿರಿನ ಹಾಗೆ, ಬೆವರಿನ ಹಾಗೆ, ಅದು ಕೆಲಸದ ಜೊತೆಗೆ ತಾನಾಗಿ ಸೇರುವಂಥದ್ದು ಎಂದುಕೊಂಡಿದ್ದ.

ಮಧ್ಯಾಹ್ನ ಡಬ್ಬಿ ತಂದ ಹೆಂಡತಿ ಪೆಟ್ಟಿಗೆಯೊಳಗೆ ಇಣುಕಿದಳು, ಸೀಮೆಸುಣ್ಣದ ಗುರುತುಗಳನ್ನು ನೋಡಿದಳು, ಸಂಗತಿ ಕೇಳಿದಳು. "ಮೂಗಿಗಿಂತ ಮೂಗುತಿ ಭಾರ ಅನ್ನೋದನ್ನ ಇವತ್ತು ಕಣ್ಣಾರೆ ನೋಡ್ದೆ" ಎಂದು ಹೇಳಿ ಹೋದಳು.

ನಾಲ್ಕು ದಿನ ಮೂವರೂ ಕೂತು ಇರಲಿಗಳನ್ನು ಕಿತ್ತರು. ಕಟ್ಟಿದ್ದನ್ನು ಕೀಳುವುದು ಮೇಸ್ತ್ರಿಗೆ ಸ್ವಂತ ಹಲ್ಲು ಕಿತ್ತ ಹಾಗೆ. ಆದರೂ ಕಿತ್ತ. ಕಿತ್ತದ್ದನ್ನೆಲ್ಲ ಗೋಡೆ ಬದಿಗೆ ರಾಶಿ ಹಾಕಿದರು: ಮೂಲೆಪಟ್ಟಿ, ಅಡ್ಡಪಟ್ಟಿ, ಬೋಲ್ಟು, ತಟ್ಟೆ, ಎಲ್ಲಿಂದ ಬಂತೆಂದು ಮೇಸ್ತ್ರಿಗೇ ನೆನಪಿಲ್ಲದ ಒಂದು ಬಾಗಿದ ಕೊಳವೆ. ತೂಗಿದರೆ ಅರವತ್ನಾಲ್ಕು ಕಿಲೋ.

"ನಮ್ಮಕ್ಕನಿಗಿಂತ ಐದು ಕಿಲೋ ಜಾಸ್ತಿ" ಎಂದ ಎಂಟೆದೆ. "ಇಷ್ಟು ವರ್ಷ ಪ್ರತಿ ವ್ಯಾನಿನಲ್ಲೂ ಅಕ್ಕನ್ನ ಕೂರಿಸಿ ಕಳಿಸಿದ್ದೀಯ ಭಾವ."

ಮಗಳು ರಾಶಿಯನ್ನೇ ನೋಡುತ್ತಿದ್ದಳು. "ಇಷ್ಟು ಭಾರಕ್ಕೆ ಕಿಲೋಮೀಟರಿಗೆ ಕಡಿಮೆ ಅಂದ್ರೂ ಎರಡು ಗ್ರಾಂ ಅಪ್ಪ. ವ್ಯಾನು ವರ್ಷಕ್ಕೆ ಮೂವತ್ತು ಸಾವಿರ ಕಿಲೋಮೀಟರ್ ಓಡಿದ್ರೆ ಅರವತ್ತು ಕಿಲೋ ಗಾಳಿ. ಹೆಚ್ಚುಕಮ್ಮಿ ಈ ರಾಶಿಯಷ್ಟೇ. ಪ್ರತಿ ವರ್ಷ ಇಂಥದ್ದೊಂದು ರಾಶಿನ ಮೇಲೆ ಎಸೆದ ಹಾಗೆ."

ಕಾಣದ ಗಾಳಿ ಮೇಸ್ತ್ರಿಗೆ ಮೊದಲ ಸಲ ಕಂಡಿತು. ಗೋಡೆ ಬದಿಗೆ, ತುಕ್ಕು ಹಿಡಿಯದ ಹಾಗೆ ಬಣ್ಣ ಹೊಡೆಸಿಕೊಂಡು, ರಾಶಿ ಬಿದ್ದಿತ್ತು. ಅವನು ತಲೆ ಕೆರೆದುಕೊಂಡ.

ಆದರೆ ಲೆಕ್ಕ ಇನ್ನೂ ಮುಗಿದಿರಲಿಲ್ಲ. ನಾನೂರ ಎಂಬತ್ತೇಳರಲ್ಲಿ ಅರವತ್ನಾಲ್ಕು ಹೋದರೆ ನಾನೂರ ಇಪ್ಪತ್ಮೂರು. ಮಿತಿಗಿಂತ ಮೂರು ಕಿಲೋ ಹೆಚ್ಚು. ಉಳಿದದ್ದು ಎಲ್ಲಿದೆ ಎಂದು ಮೂವರಿಗೂ ಗೊತ್ತಿತ್ತು. ಮೂವರೂ ಆ ಕಡೆ ನೋಡುತ್ತಿರಲಿಲ್ಲ. ಪೆಟ್ಟಿಗೆಗೆ ಮೂರು ಬಾಗಿಲು, ಹಿಂದೆ ಎರಡು, ಪಕ್ಕದಲ್ಲಿ ಒಂದು. ನಕ್ಷೆಯ ಪ್ರಕಾರ ಬಾಗಿಲಿಗೆ ಮೂರು ಕೀಲು. ಮೇಸ್ತ್ರಿ ಹಾಕಿದ್ದು ನಾಲ್ಕು. ನಾಲ್ಕನೆಯದರ ಹಿಂದೆ ಅಂಗೈ ಅಗಲದ ದಪ್ಪ ಉಕ್ಕಿನ ತಟ್ಟೆ ಬೇರೆ. ಬಾಗಿಲಿಗೆ ಮೂರು ಕಿಲೋದಂತೆ ಒಟ್ಟು ಒಂಬತ್ತು.

"ಒಂದೇ ಒಂದು ಬಾಗಿಲಿನದು ತೆಗಿ ಅಪ್ಪ. ಸರಿಯಾಗಿ ನಾನೂರ ಇಪ್ಪತ್ತಕ್ಕೆ ನಿಲ್ಲುತ್ತೆ" ಎಂದಳು ಮಗಳು.

"ಯಾವ ಬಾಗಿಲಿನದು?"

"ಯಾವುದಾದ್ರೂ."

"ಯಾವುದಾದ್ರೂ ಅಂದ್ರೆ? ಯಾರ ಬೆರಳು ಹೋದ್ರೆ ಪರವಾಗಿಲ್ಲ ಅಂತ ನಾನು ಆರಿಸ್ಬೇಕಾ?"

ಮಗಳು ನಕ್ಷೆ ಮಡಚಿಟ್ಟಳು. ಆ ಕಥೆ ಅವಳಿಗೆ ಗೊತ್ತಿತ್ತು, ಬೀದಿಗೇ ಗೊತ್ತಿತ್ತು. ಮೂವತ್ತೊಂದು ವರ್ಷದ ಹಿಂದೆ ಮೇಸ್ತ್ರಿ ಸ್ವಂತ ಶೆಡ್ಡು ಹಾಕಿ ಕಟ್ಟಿದ ಮೊದಲ ಪೆಟ್ಟಿಗೆ. ಮದುವೆಯಾಗಿ ಆರೇ ತಿಂಗಳು. ಭಾವಮೈದ ಜೊತೆಗಿದ್ದು ಬಾಗಿಲು ಕೂರಿಸಿದ್ದ. ಗಿರಾಕಿಗೆ ಗಾಡಿ ಒಪ್ಪಿಸಲು ಅವನೇ ಹೋಗಿದ್ದ. ದಾರಿಯಲ್ಲಿ ಹಿಂದಿನ ಬಾಗಿಲು ಕಳಚಿ ಅವನ ಕೈ ಮೇಲೆ ಬಿತ್ತು, ಎರಡು ಬೆರಳು ಹೋದವು. ಮೇಸ್ತ್ರಿ ಓಡಿ ಹೋಗಿ ನೋಡಿದರೆ ಕೆಳಗಿನ ಕೀಲು ಹರಿದು ಜೋತಾಡುತ್ತಿತ್ತು. ತಾನು ತೆಳ್ಳಗೆ ಮಾಡಿದ ಕೀಲು. ಆ ಮನೆಯ ಮಗಳನ್ನು ತಂದು, ಆ ಮನೆಯ ಮಗನ ಬೆರಳು ತೆಗೆದೆ ಎಂದು ಅವನು ಅವತ್ತು ಆಸ್ಪತ್ರೆಯ ಮೆಟ್ಟಿಲ ಮೇಲೆ ಅತ್ತಿದ್ದ. ಆಮೇಲೆ ಅವನು ಕಟ್ಟಿದ ಯಾವ ಪೆಟ್ಟಿಗೆಯೂ ಇರಲಿ ಇಲ್ಲದೆ ಹೊರಗೆ ಹೋಗಲಿಲ್ಲ. ಮೊದಲು ಕೀಲಿಗೆ, ಆಮೇಲೆ ಮೂಲೆಗೆ, ಆಮೇಲೆ ನೆಲಕ್ಕೆ. ಭಯ ಎಲ್ಲಿಂದ ಹುಟ್ಟಿತೆಂದು ಮರೆತರೂ ಕೈ ಮರೆತಿರಲಿಲ್ಲ.

"ಕಂಪನಿ ಬೇಡ. ವ್ಯಾನು ಬೇಡ. ನಾನು ಕೋಳಿಗೂಡೇ ಕಟ್ತೀನಿ" ಎಂದು ಮೇಸ್ತ್ರಿ ಎದ್ದ. "ಈ ಕೀಲಿಗೆ ಮಾತ್ರ ಯಾರೂ ಕೈ ಹಾಕೋ ಹಾಗಿಲ್ಲ."

ಹಾಗೆಂದವನು ಕೀಲಿನ ಮುಂದೆ ಹೋಗಿ, ಯಾರೋ ಕದ್ದೊಯ್ಯಲು ಬಂದಿದ್ದಾರೋ ಎಂಬಂತೆ, ಬೆನ್ನು ಕೊಟ್ಟು ನಿಂತ. ಮಗಳ ಕಣ್ಣಲ್ಲಿ ನೀರಿತ್ತು. ಅದನ್ನು ಅವನು ನೋಡಿದ. ಆದರೂ ಕದಲಲಿಲ್ಲ.

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಎನ್ನುತ್ತಾರಲ್ಲ, ಎಂಟೆದೆಯ ಕೈ ಅಷ್ಟು ಹೊತ್ತಿನಿಂದ ತನ್ನ ಬಣ್ಣದ ಕುಂಚಗಳ ಡಬ್ಬಿಯನ್ನು ಮುಟ್ಟಿ ಮುಟ್ಟಿ ನೋಡುತ್ತಿತ್ತು. ಕೊನೆಗೆ ಅವನು ಡಬ್ಬಿಯನ್ನು ಮೇಜಿನ ಮೇಲೆ ಬೋರಲು ಹಾಕಿದ. ಕುಂಚಗಳ ಜೊತೆ ಒಂದು ಸಣ್ಣ ತಂತಿ ತುಂಡು ಬಿತ್ತು. ಸೀಳುಪಿನ್ನು. ಕೀಲಿನ ಕಡ್ಡಿ ಮೇಲಕ್ಕೆ ಜಾರದಂತೆ ತೂತಿನೊಳಗೆ ತೂರಿಸಿ, ತುದಿ ಬಿಚ್ಚಿ ಮಡಚುವ ಪಿನ್ನು. ಅದರ ತುದಿ ಮಡಚಿರಲಿಲ್ಲ. ಅದನ್ನು ಯಾವತ್ತೂ ಬಳಸಿರಲಿಲ್ಲ.

"ಇದು ಆವತ್ತಿಂದು ಭಾವ."

ಮೇಸ್ತ್ರಿಗೆ ಅರ್ಥವಾಗಲಿಲ್ಲ.

"ಮೇಲಿನ ಕೀಲಿಗೆ ಕಡ್ಡಿ ಹಾಕ್ದೆ. ಪಿನ್ನು ಆಮೇಲೆ ಹಾಕಿದ್ರಾಯ್ತು ಅಂತ ಜೇಬಲ್ಲಿ ಇಟ್ಕೊಂಡೆ. ಮರೆತೇಬಿಟ್ಟೆ. ದಾರಿಯಲ್ಲಿ ಕುಲುಕಿ ಕುಲುಕಿ ಕಡ್ಡಿ ಮೇಲೆ ಬಂದಿದೆ, ಬಾಗಿಲಿನ ಭಾರವೆಲ್ಲ ಕೆಳಗಿನ ಕೀಲಿಗೆ ಬಿದ್ದು ಅದು ಹರೀತು. ಆಸ್ಪತ್ರೇಲಿ ಅಂಗಿ ಬಿಚ್ಚುವಾಗ ಜೇಬಿಂದ ಇದು ಬಿತ್ತು. ಆವಾಗ್ಲೇ ನಂಗೆ ಗೊತ್ತಾಯ್ತು." ಎಂಟೆದೆ ಉಸಿರು ಎಳೆದುಕೊಂಡ. "ಹೇಳೋಣ ಅಂತ ಹೊರಗೆ ಬಂದ್ರೆ ನೀನು ಮೆಟ್ಟಿಲ ಮೇಲೆ ಅಳ್ತಾ ಕೂತಿದ್ದೆ. ನಾಳೆ ಹೇಳೋಣ ಅಂದ್ಕೊಂಡೆ. ನಾಳೆ ನೀನು ದಪ್ಪ ಕೀಲು ಮಾಡ್ತಾ ಇದ್ದೆ. ಆಮೇಲೆ... ಆಮೇಲೆ ಹೇಳೋಕೆ ಆಗ್ಲಿಲ್ಲ. ಎಂಟೆದೆ ಅಂತ ಹೆಸರಿಟ್ಕೊಂಡು ಒಂದು ಮಾತು ಹೇಳೋಕೆ ಒಂದು ಎದೆನೂ ಇರ್ಲಿಲ್ಲ ನಂಗೆ. ನಿನ್ನ ಕೀಲು ಚೆನ್ನಾಗೇ ಇತ್ತು ಭಾವ. ನಾನು ಪಿನ್ನು ಹಾಕಿದ್ರೆ ಅದು ಇವತ್ತಿಗೂ ಇರ್ತಿತ್ತು."

ಏನು ಮಾಡಬೇಕೆಂದು ತೋಚದೆ ಮಗಳು ಆ ಪಿನ್ನನ್ನು ಎತ್ತಿ ಚಿಕ್ಕ ತಕ್ಕಡಿಯ ಮೇಲಿಟ್ಟಳು. ನಾಲ್ಕು ಗ್ರಾಂ.

ಮೇಸ್ತ್ರಿ ನಾಲ್ಕನೇ ಕೀಲಿನ ಮುಂದಿನಿಂದ ಸರಿದು ಬಂದ. ಸ್ಟೂಲಿನ ಮೇಲೆ ಕೂತ. ಸಿಟ್ಟು ಬಂತು, ಬರದೆ ಹೇಗಿರುತ್ತದೆ? ಕಣ್ಣು ಕತ್ತಲಾಗುವಷ್ಟು ಬಂತು. ಆದರೆ ಸಿಟ್ಟಿನ ಅಡಿಯಿಂದ ಇನ್ನೇನೋ ಎದ್ದು ಬರುತ್ತಿತ್ತು, ಅದನ್ನು ತಡೆಯಲು ಅವನಿಂದ ಆಗಲಿಲ್ಲ. ತನ್ನ ಕೀಲು ಚೆನ್ನಾಗಿತ್ತು. ಇಪ್ಪತ್ತಾರನೇ ವಯಸ್ಸಿನಲ್ಲಿ, ಸಾಲದ ಸುತ್ತಿಗೆ ಹಿಡಿದು, ಸ್ವಂತಕ್ಕೆ ಕಟ್ಟಿದ ಮೊದಲ ಪೆಟ್ಟಿಗೆಯ ಕೀಲು ಚೆನ್ನಾಗಿತ್ತು. ಅವನು ಎರಡೂ ಅಂಗೈ ತಿರುಗಿಸಿ ನೋಡಿಕೊಂಡ. ಈ ಕೈಗಳನ್ನು ಮೂವತ್ತೊಂದು ವರ್ಷ ನಂಬದೆ ದುಡಿಸಿದ್ದ. ಅವನಿಗೆ ಅಳು ಬಂತು, ಸಂತೋಷದ್ದೇ ಅಳು.

ಅಷ್ಟು ಹೊತ್ತಿಗೆ ಡಬ್ಬಿ ಹಿಡಿದು ಬಾಗಿಲಲ್ಲಿ ನಿಂತಿದ್ದ ಹೆಂಡತಿಗೆ ಎಲ್ಲ ಕೇಳಿಸಿತ್ತು. ಡಬ್ಬಿ ಕೆಳಗಿಟ್ಟು ಅವಳು ತಮ್ಮನ ಮೇಲೆ ಏರಿ ಹೋದಳು. "ಅಲ್ಲ ಕಣೋ, ಒಂದು ಮಾತು ಹೇಳೋಕೆ ಮೂವತ್ತೊಂದು ವರ್ಷ ಬೇಕಾಯ್ತಾ ನಿಂಗೆ? ಈ ಮನುಷ್ಯ ನನ್ನ ಮುಖ ನೋಡಿದಾಗೆಲ್ಲ ಒಳಗೊಳಗೇ ಕುಗ್ಗಿದಾರಲ್ಲೋ! ಮನೆ ಮಂಚಕ್ಕೂ ಆರು ಕಾಲು ಹಾಕಿದಾರೆ, ಗೊತ್ತಾ? ಎಡವಿ ಎಡವಿ ನನ್ನ ಕಿರುಬೆರಳು ಡೊಂಕಾಗಿದೆ!" ಹೇಳುತ್ತಾ ಹೇಳುತ್ತಾ ಅವಳ ದನಿ ಬದಲಾಯಿತು. ಮುಂದೆ ಬೈಯಲಾರದೆ ಮೂವರಿಗೂ ಊಟ ಬಡಿಸಿದಳು. ಎಂಟೆದೆಗೆ ತುಸು ಹೆಚ್ಚೇ ಬಡಿಸಿದಳು.

ಮೇಸ್ತ್ರಿ ಆವತ್ತು ಅವನ ಜೊತೆ ಮಾತಾಡಲಿಲ್ಲ. ಊಟವಾದ ಮೇಲೆ ಸ್ಪ್ಯಾನರ್ ತೆಗೆದುಕೊಂಡು, ಮೂರೂ ಬಾಗಿಲ ನಾಲ್ಕನೇ ಕೀಲನ್ನು ತಾನೇ ಬಿಚ್ಚಿದ. ಬಿಚ್ಚಿ ರಾಶಿಗೆ ಹಾಕಿದ. ಆಮೇಲೆ ಸಣ್ಣ ಎಳೆಯ ಸರಪಳಿ ತಂದು, ಗೇಣುದ್ದ ಕತ್ತರಿಸಿ, ಒಂದು ತುದಿಯನ್ನು ಬಾಗಿಲಿಗೂ ಇನ್ನೊಂದನ್ನು ಸೀಳುಪಿನ್ನಿನ ತಲೆಗೂ ಬಿಗಿದ. ಬಾಗಿಲು ಕೂರಿಸುವವನು ಪಿನ್ನು ಮರೆತರೆ ಅದು ಅವನ ಕಣ್ಣೆದುರೇ ತೂಗಾಡುತ್ತದೆ, ಗಾಡಿ ಕದಲಿದರೆ ಕಿಣಿಕಿಣಿ ಎನ್ನುತ್ತದೆ. ಜೇಬಿಗೆ ಹೋಗುವ ಮಾತೇ ಇಲ್ಲ. ಹೀಗೆ ಒಂಬತ್ತು ಕೀಲಿಗೆ ಒಂಬತ್ತು ಸರಪಳಿ.

"ಇದಕ್ಕೇನಂತ ಬರೀಲಿ ಅಪ್ಪ?" ಮಗಳು ನಕ್ಷೆ ಹಿಡಿದು ಕೇಳಿದಳು. "ತೂಕ ಇರೋದನ್ನೆಲ್ಲ ಬರೀಬೇಕು. ಒಂದೊಂದು ನಲವತ್ತು ಗ್ರಾಂ ಇದೆ."

ಮೇಸ್ತ್ರಿ ಯೋಚಿಸಿದ. "ಏನು ಬರೀತೀಯ? ಇರಲಿ ಅಂತ ಬರಿ."

ಆ ಮಾತು ನಕ್ಷೆಗೆ ಏರಿದ್ದು ಅದೇ ಮೊದಲು: ಇರಲಿ, ಒಂಬತ್ತು, ಒಂದಕ್ಕೆ ನಲವತ್ತು ಗ್ರಾಂ.

ಹತ್ತನೇ ದಿನ ವ್ಯಾನು ಮತ್ತೆ ತಟ್ಟೆ ಏರಿತು. ಎಂಟೆದೆ ಕಣ್ಣು ಮುಚ್ಚಿಕೊಂಡಿದ್ದ. ಪರದೆಯ ಮೇಲೆ ಅಂಕೆಗಳು ಅತ್ತಿತ್ತ ಓಡಾಡಿ ನಿಂತವು: ನಾನೂರ ಹದಿನಾಲ್ಕು ಚಿಲ್ಲರೆ. ಅಧಿಕಾರಿ ಕಿವಿಯಿಂದ ಪೆನ್ನು ತೆಗೆದು ಸಹಿ ಹಾಕಿದ. ನಕ್ಷೆಯ ಮೇಲೆ ಬೆರಳಾಡಿಸಿ, ಒಂದು ಕಡೆ ನಿಲ್ಲಿಸಿ, "ಇದೇನ್ರೀ ಇದು, ಇರಲಿ?" ಎಂದು ಕೇಳಿದ.

"ಅದು ನಮ್ಮ ಕಸುಬಿನ ಮಾತು ಸಾರ್" ಎಂದಳು ಮಗಳು ಮುಖ ಗಂಭೀರ ಮಾಡಿಕೊಂಡು.

"ಹಾಗಾದ್ರೆ ಇರಲಿ" ಎಂದು ಅವನು ಮುದ್ರೆ ಒತ್ತಿದ.

ವಾಪಸ್ಸು ಬರುವಾಗ ಮಗಳು ಗಾಡಿ ಓಡಿಸುತ್ತಿದ್ದಳು. ಮುಂದಿನ ಒಂದೇ ಸೀಟಿನಲ್ಲಿ ಮೂವರು. ನಡುವೆ ಮೇಸ್ತ್ರಿ, ಕಿಟಕಿ ಬದಿಗೆ ಭಾವಮೈದ. ವ್ಯಾನು ಏರಿನಲ್ಲಿ ಏದುಸಿರು ಬಿಡದೆ ಹತ್ತಿತು. ಹಿಂದಿನಿಂದ ಯಾವ ಕಿಣಿಕಿಣಿಯೂ ಇರಲಿಲ್ಲ, ಒಂಬತ್ತೂ ಪಿನ್ನು ತಂತಮ್ಮ ತೂತಿನಲ್ಲಿದ್ದವು. ಮೇಸ್ತ್ರಿ ಹಿಂದಿನ ಗೋಡೆಗೆ ಗೆಣ್ಣಿನಿಂದ ತಟ್ಟಿ ಕಿವಿಗೊಟ್ಟ. ಸದ್ದು ಹಗುರಾಗಿತ್ತು, ಆದರೆ ಪೊಳ್ಳಾಗಿರಲಿಲ್ಲ.

ಎಂಟೆದೆ ಕಿಟಕಿಯಿಂದ ಹೊರಗೆ ನೋಡುತ್ತಲೇ ಹೇಳಿದ. "ಭಾವ, ಅಕ್ಕ ಬೈದಾಯ್ತು. ನೀನೂ ಒಂದ್ಸಲ ಬೈದುಬಿಡು. ಐದು ದಿನದಿಂದ ಕಾಯ್ತಾ ಇದೀನಿ."

ಮೇಸ್ತ್ರಿ ಅವನ ಬಲಗೈಯನ್ನು ನೋಡಿದ. ಮೂರು ಬೆರಳು ಮೊಣಕಾಲಿನ ಮೇಲೆ ಬಣ್ಣದ ಕಲೆಗಳ ಸಮೇತ ಸುಮ್ಮನೆ ಮಲಗಿದ್ದವು. ಅವನು ಅದರ ಮೇಲೆ ತನ್ನ ಕೈ ಇ‌ಟ್ಟ.

"ಇರಲಿ ಬಿಡೋ."

ಮಗಳು ರಸ್ತೆಯಿಂದ ಕಣ್ಣು ತೆಗೆಯದೆ, ಮೂಗೆಳೆದುಕೊಂಡು, "ಅಪ್ಪ, ಮತ್ತೆ ಇರಲಿ ಅಂದೆ" ಎಂದಳು.

"ಇದು ತೂಗಲ್ಲ ಕಣೇ. ನೀನು ರಸ್ತೆ ನೋಡು" ಎಂದ ಮೇಸ್ತ್ರಿ.